ಒನಕಿ ಬೀಳೋತನಕ

ನನಗ ಮೊದಲಿಂದ ಸಿಟ್ಟು ಮೂಗಿನ ತುದಿಮ್ಯಾಲೆ. ಆದ್ರ ಆವತ್ತಿನಂಗ ಸಿಟ್ಟು, ಹೆದರಿಕಿ ಎರಡೂ ಕೂಡೇ ಬಂದಿದ್ದು ಹಿಂದ ಇಲ್ಲ, ಮುಂದೂ ಇಲ್ಲ.

ಎರಡು ಸಾವಿರದ ಒಂಬತ್ತು, ನಾಗರ ಅಮಾಸಿ. ಸೂರ್ಯ ಗ್ರಹಣ ಹಿಡಕೊಂಡ ಹುಟ್ಟತಾನ ಅಂತ ಟೀವ್ಯಾಗ ಒಂದೇ ಸವನ ಬಡಕೊಳ್ಳಾಕತ್ತಿದ್ರು. ಬ್ಯಾಡಗಿಯೊಳಗ ನಮ್ಮ ಮನಿ. ನನ್ನ ಗಂಡ ಹುಬ್ಬಳ್ಳಿಗೆ ಹೋಗಿದ್ದ. ಮನಿಯಾಗ ಇದ್ದವರು ನಮ್ಮತ್ತಿ, ನಾನು, ಮೈದುನ, ಅವನ ಹೆಂಡತಿ. ಆಕಿ ನನ್ನ ನೆಗೆಣ್ಣಿ, ದಿನ ತುಂಬಿದ ಬಸುರಿ. ಮೊದಲನೇ ಹೆರಿಗಿ ಗುತ್ತಲದ ತವರಿನ್ಯಾಗ ಆಗಿತ್ತು, ಆ ಕೂಸು ಅಲ್ಲೇ ಅಜ್ಜಿ ಹತ್ರ ಇತ್ತು. ಎರಡನೇದು ನಮ್ಮಲ್ಲೇ ಆಗಲಿ ಅಂತ ಇಟ್ಟಕೊಂಡಿದ್ವಿ.

ಅತ್ತಿ ನಸುಕಿನ್ಯಾಗ ಎದ್ದು ನೀರಿನ ಕೊಡಕ್ಕ, ಹಾಲಿಗೆ, ಉಪ್ಪಿನಕಾಯಿ ಭರಣಿಗೆ ಗರಿಕಿ ಹಾಕಿದ್ರು. ಬಸುರಿನ್ನ ಒಳಗಿನ ಖೋಲ್ಯಾಗ ಕುಂದ್ರಿಸಿ ಕಿಡಕಿಗೆ ಕೌದಿ ಇಳಿಬಿಟ್ರು. ಆಮ್ಯಾಲೆ ಪಡಸಾಲಿಯೊಳಗ ಹಿತ್ತಾಳಿ ಪರಾತಕ್ಕ ನೀರು ಹಾಕಿ, ನಟ್ಟನಡಬರಕ ಒನಕಿ ನಿಂದ್ರಿಸಿ ಕೈ ಬಿಟ್ರು. ಒನಕಿ ನಿಂತಿತು. ಗ್ರಹಣ ಹಿಡಿದಾಗ ನಿಂತ ಒನಕಿ ಬಿಟ್ಟಾಗ ತಾನ ಬೀಳತೈತಿ, ಅಲ್ಲೀತನಕ ಬಸುರಿ ಹೊಸ್ತಿಲಾ ದಾಟಂಗಿಲ್ಲ. ಇದು ನಮ್ಮತ್ತಿ ಕಾಯ್ದೆ.

"ಅಕ್ಕಾ" ಅಂತ ನೆಗೆಣ್ಣಿ ಒಳಗಿಂದ ಕರದ್ಲು. ಹೋಗಿ ನೋಡಿದ್ರ ಸೀರಿ ತೊಯ್ದಿತ್ತು. ನೀರು ಒಡದಿತ್ತು, ಬ್ಯಾನಿ ಚಾಲೂ ಆಗಿದ್ವು.

ನಾನು ಹಿತ್ತಲ ಬಾಗಲಾ ತಗದು ಮ್ಯಾಲೆ ನೋಡಿದೆ. ಮೋಡ ಕವದಿತ್ತು. ಮುಂಜಾನಿ ಬೆಳಕಲ್ಲ, ಸಂಜಿ ಬೆಳಕೂ ಅಲ್ಲ, ಬೂದಿ ಕಲಸಿದಂಗ ಒಂದು ನಮೂನಿ. ಅಷ್ಟರಾಗ ಮೋಡ ತೆಳ್ಳಗಾಗಿ ಸೂರ್ಯ ಕಂಡ. ಬರಿಗಣ್ಣೀಲೆ ನೋಡಬಾರದು ಅಂತ ಗೊತ್ತಿದ್ದೂ ನೋಡಿದೆ. ಯಾರೋ ಕಚ್ಚಿ ಬಿಟ್ಟ ರೊಟ್ಟಿ ಇದ್ದಂಗಿದ್ದ, ಅರ್ಧಕ್ಕಿಂತ ಹೆಚ್ಚು ಇರಲೇ ಇಲ್ಲ. ಹೆದರಿದೆ, ಖರೇ ಹೇಳತೇನಿ. ಮತ್ತ ಮೋಡ ಮುಚ್ಚಿತು. ಆಮ್ಯಾಲೆ ಸೂರ್ಯ ನಮಗ ಮಾರಿ ತೋರಿಸಲೇ ಇಲ್ಲ. ಕರೆಂಟೂ ಹೋತು, ಟೀವಿ ಬಾಯಿ ಬಂದ್ ಆತು.

ಮೈದುನ ಟಂಟಂ ಗಾಡಿ ತಂದು ಬಾಗಲಕ್ಕ ನಿಂದ್ರಿಸಿದ. "ಯವ್ವಾ, ಹಾವೇರಿಗೆ ಕರಕೊಂಡು ಹೋಗೂಣು" ಅಂದ.

"ಒನಕಿ ಬೀಳಲಿ" ಅಂದ್ರು ಅತ್ತಿ.

ಅವ ಹೊಸ್ತಿಲದಾಗ ನಿಂತ ಬಿಟ್ಟ. ಅವ್ವನ ಮುಂದ ಅವಂದು ಯಾವತ್ತೂ ಉಸಿರಿಲ್ಲ.

ಕ್ಯಾಲೆಂಡರಿನ್ಯಾಗ ಕೊಟ್ಟ ಟೈಮ್ ಮುಗದು ಎಷ್ಟೋ ಹೊತ್ತಾತು. ಓಣ್ಯಾಗ ಮಂದಿ ತಲಿಮ್ಯಾಲೆ ನೀರು ಹಾಕ್ಕೊಳ್ಳೋ ಸಪ್ಪಳ ಕೇಳಾಕತ್ತಿತ್ತು. ನಮ್ಮ ಒನಕಿ ಮಾತ್ರ ಅಳ್ಳಾಡವಲ್ದು. ಅದರ ಬುಡಕ್ಕ ಅಗಲ ಕಬ್ಬಿಣದ ಕಟ್ಟು ಇತ್ತು, ಸಪಾಟು. ಯಾರೂ ಮುಟ್ಟದಿದ್ರ ವರ್ಷಪೂರ್ತಿ ನಿಂದ್ರತಿತ್ತು.

"ಅತ್ತೀ, ಬಿಟ್ಟೈತ್ರಿ. ಎಲ್ಲಾರೂ ಮೈ ತೊಳಕೊಳ್ಳಾಕತ್ತಾರ."

"ಕ್ಯಾಲೆಂಡರ ಬೆಂಗಳೂರಾಗ ಅಚ್ಚು ಹಾಕ್ತಾರ. ನಮ್ಮೂರಾಗ ಇನ್ನೂ ಬಿಟ್ಟಿಲ್ಲ. ನಿಂತೈತಲ್ಲ, ಕಣ್ಣಿಲ್ಲೇನ ನಿನಗ?"

ಮತ್ತ ಒಳಗ ಹೋದೆ. ನೆಗೆಣ್ಣಿ ಗೋಡಿ ಹಿಡಕೊಂಡು ಕುಂತಿದ್ಲು. ಸೀರಿ ತುಂಬ ರಕ್ತ. "ಅಕ್ಕಾ, ಹೊಟ್ಟ್ಯಾಗ ಕೂಸು ಮಿಸುಕವಲ್ದು" ಅಂದ್ಲು.

ನನ್ನ ನೆತ್ತಿ ಸುಟ್ಟಂಗಾತು. ಪಡಸಾಲಿಗೆ ಬಂದು ಚೀರಿದೆ. "ನಿಮ್ಮ ಒನಕಿಗೆ ಬೆಂಕಿ ಹಾಕ್ರಿ! ರಕ್ತ ಹೊಂಟೈತಿ, ಕೂಸು ಮಿಸುಕವಲ್ದಂತ! ಆಕಿ ಸತ್ರ ಯಾರಿಗೆ ಉತ್ತರಾ ಕೊಡ್ತೀರಿ?" ಆ ಮನಿಗೆ ಬಂದಮ್ಯಾಲೆ ಅವರಿಗೆ ಎದುರಾಡಿದ್ದು ಅದ ಮೊದಲು.

ಅವರು ಬಯ್ಯಲಿಲ್ಲ. ನನ್ನ ಮಾರಿ ನೋಡಿದ್ರು, ಒಳಗಿನ ಬಾಗಲಾ ನೋಡಿದ್ರು. ಎದ್ದು ಬಂದು ಒನಕಿಗೆ ಅಂಗೈಲೆ ಹೊಡದ್ರು. ಧಡ್ ಅಂತ ಬಿತ್ತು, ನೀರು ಪಡಸಾಲಿ ತುಂಬ ಚೆಲ್ಲಿತು.

"ಬಿತ್ತು" ಅಂದ್ರು. "ಏನರ ಆದ್ರ ನನ್ನ ತಲಿಮ್ಯಾಲೆ ಬರಲಿ. ಲಗೂ ಎತ್ರಿ ಆಕಿನ್ನ."

ಮೋಟೆಬೆನ್ನೂರ ದಾಟಿ ಹೈವೇ ಹತ್ತಿದ್ವಿ. ಆಕಿ ತಲಿ ನನ್ನ ತೊಡಿಮ್ಯಾಲೆ, ಕಾಲು ಅತ್ತಿ ತೊಡಿಮ್ಯಾಲೆ. ಗಾಡಿ ಜಿಗಿದಾಗೊಮ್ಮೆ ಆಕಿಗಿಂತ ಮೊದಲ ಅತ್ತಿ ನರಳತಿದ್ರು. ಹಾವೇರಿ ದವಾಖಾನ್ಯಾಗ ಡಾಕ್ಟರ್ ನೋಡಿದ್ದ ತಡ, ಸೀದಾ ಆಪರೇಶನ್‌ಗೆ ಒಯ್ದ್ರು.

ಹೊರಗ ಬೆಂಚಿನಮ್ಯಾಲೆ ಕುಂತ್ವಿ. ಎಷ್ಟೋ ಹೊತ್ತಿಗೆ ಕೂಸು ಅತ್ತ ದನಿ ಕೇಳಿಸ್ತು. ನರ್ಸ್ ಬಂದು, "ಹೆಣ್ಣು ಕೂಸು. ಇಬ್ಬರೂ ಆರಾಮ ಅದಾರ. ಇನ್ನೊಂದೀಟು ತಡಾ ಮಾಡಿದ್ರ ಕೈಗೆ ಸಿಗತಿರಲಿಲ್ಲ" ಅಂತ ಗದರಿಸಿ ಹೋದ್ಲು. ನನಗ ಅಳು ತಡಕೊಳ್ಳಾಕ ಆಗಲಿಲ್ಲ. ಅತ್ತಿ ಅಳಲಿಲ್ಲ, ನೆಲಾ ನೋಡಕೋತ ಕುಂತಿದ್ರು.

"ಅತ್ತೀ, ಅಷ್ಟು ಹಟಾ ಹಿಡದವರು ಮತ್ಯಾಕ ಬೀಳಿಸಿದ್ರಿ?" ಅಂತ ಕೇಳಿದೆ.

"ನಿನ್ನ ಗಂಡನಕಿಂತ ಮೊದಲ ನನಗೊಂದು ಗಂಡು ಕೂಸು ಆಗಿತ್ತವ್ವಾ" ಅಂದ್ರು. ಅಷ್ಟು ವರ್ಷ ಒಂದ ಮನ್ಯಾಗ ಇದ್ದು ನಾನು ಈ ಮಾತು ಕೇಳಿರಲಿಲ್ಲ. "ಹಿಂಗ ಗ್ರಹಣದಾಗ ಬ್ಯಾನಿ ಬಂದ್ವು. ಒನಕಿ ಬೀಳೋತನಕ ಕುಂತೆ. ಕೂಸು ಸತ್ತ ಹುಟ್ಟಿತು. ನಾನು ಒಂದ ಗಳಿಗಿ ಹಿತ್ತಲಕ್ಕ ಹೋಗಿ ಬಂದಿದ್ದೆ, ಅದಕ್ಕ ಹಿಂಗಾತು ಅಂತ ಎಲ್ಲಾರೂ ಅಂದ್ರು. ನಾನೂ ಹಂಗ ನಂಬಿದ್ದೆ."

ಸೆರಗೀಲೆ ಮಾರಿ ಒರಸಿಕೊಂಡ್ರು.

"ಕೂಸು ಮಿಸುಕವಲ್ದು ಅಂತ ನಾನೂ ಹೇಳಿದ್ದೆ. ಆವತ್ತ ಯಾರೂ ಚೀರಲಿಲ್ಲ."