ಎರಡನೇ ಬೀಗದಕೈ

ನಾಗರಾಜ್, ಆ ಮೋಟಾರು ಸುಟ್ಟವರು ನೀವು ಎಂದು ಸಾಹುಕಾರರ ಕಿವಿಗೆ ಹಾಕಿದವಳು ನಾನು. ಗಂಗಮ್ಮನಲ್ಲ, ಲಾರಿಯವರಲ್ಲ, ಇಷ್ಟು ವರ್ಷ ನೀವು ಯಾರು ಯಾರ ಮೇಲೆ ಅನುಮಾನಪಟ್ಟಿರೋ ಅವರ್ಯಾರೂ ಅಲ್ಲ. ಜೋಳದ ತೇವ ನೋಡುವ ಕೆಲಸಕ್ಕೆಂದು ಬಂದು, ನಿಮ್ಮ ಬುತ್ತಿಯ ಚಟ್ನಿಪುಡಿ ತಿಂದ ಸುಮಾ. ಇದು ನನ್ನ ತಪ್ಪಿನ ಅರ್ಧ. ಉಳಿದರ್ಧ ಇದಕ್ಕಿಂತ ಕೆಟ್ಟದ್ದು — ನೀವು ಸುಟ್ಟಿಲ್ಲ ಎಂಬುದನ್ನು ಆಮೇಲೆ ಕಣ್ಣಾರೆ ಕಂಡೆ. ಕಂಡೂ ಬಾಯಿ ಮುಚ್ಚಿಕೊಂಡೆ.

ಸುತ್ತಿ ಬಳಸಿ ಮಾತಾಡುವುದು ನನಗೆ ಬರುವುದಿಲ್ಲ, ನಿಮಗೂ ಅದು ಗೊತ್ತು. ಆದರೆ ಈ ಒಂದು ವಿಷಯದಲ್ಲಿ ಏಳೆಂಟು ವರ್ಷ ಸುತ್ತಿ ಬಳಸಿಯೇ ಬದುಕಿದ್ದೇನೆ. ಇರಲಿ, ಮೊದಲಿನಿಂದ ಹೇಳುತ್ತೇನೆ.

ಶಿಕಾರಿಪುರದಿಂದ ಸೊರಬಕ್ಕೆ ಹೋಗುವ ರಸ್ತೆಯ ಆ ಮಿಲ್ಲಿಗೆ ಗೋವಿನಜೋಳ ಒಣಗಿಸುವ ಯಂತ್ರ ಕೊಟ್ಟದ್ದು ತುಮಕೂರಿನ ಒಂದು ಕಂಪನಿ ಎಂದು ನಿಮಗೆ ಗೊತ್ತಿತ್ತು. ನಾನು ಆ ಕಂಪನಿಯವಳು ಎಂದು ಗೊತ್ತಿರಲಿಲ್ಲ. ಗ್ಯಾರಂಟಿ ಮುಗಿಯುವ ಮೊದಲೇ ಎರಡು ಸಲ ಮೋಟಾರು ಸುಟ್ಟಿತ್ತು. ಎರಡು ಸಲವೂ ಮೂರು ಫ್ಯೂಸಿನಲ್ಲಿ ಒಂದು ಮಾಯ. ಅದು ಯಂತ್ರದ ದೋಷವಲ್ಲ, ಒಳಗಿನವರ ಕೈವಾಡ ಎಂದು ನಮ್ಮವರು; ಹಾಗಾದರೆ ಆ ಕೈ ಯಾರದೆಂದು ತೋರಿಸಿ ಎಂದು ನಿಮ್ಮ ಸಾಹುಕಾರರು. ಇಬ್ಬರೂ ಸೇರಿ ಗುಟ್ಟಾಗಿ ಒಪ್ಪಂದ ಮಾಡಿಕೊಂಡು ನನ್ನನ್ನು ಕಳಿಸಿದರು. ಹೆಣ್ಣುಮಗಳಾದರೆ ಯಾರಿಗೂ ಸಂಶಯ ಬರುವುದಿಲ್ಲ ಎಂದು ನಮ್ಮ ಮ್ಯಾನೇಜರು ನಕ್ಕರು. ನಾನೂ ನಕ್ಕೆ. ಪತ್ತೇದಾರಿ ಕೆಲಸ ನೋಡಿ, ಒಳಗೊಳಗೆ ಹೆಮ್ಮೆಯೂ ಇತ್ತು.

ನಾನು ಬಂದಾಗ ನೀವೆಲ್ಲ ಹೇಗಿದ್ದಿರಿ — ನೆನಪಿದೆಯೇ? ಮೊದಲು ಒಂದೇ ಕೆಟಲಿನ ಚಹಾ ಕುಡಿಯುತ್ತಿದ್ದಿರಂತೆ. ನಾನು ಬರುವ ಹೊತ್ತಿಗೆ ಕರೆಂಟಿನ ಕೆಲಸದ ನಿಮ್ಮದು ಬಾಗಿಲ ಹತ್ತಿರ, ಯಂತ್ರ ನಡೆಸುವ ಈರಭದ್ರಪ್ಪಜ್ಜನದು ಕುಲುಮೆಯ ಹಿಂದೆ, ಜೋಳ ಕೇರುವ ಗಂಗಮ್ಮನದು ಬೇವಿನ ಮರದ ಬುಡ. ಒಬ್ಬರು ಬಂದರೆ ಇನ್ನೊಬ್ಬರ ಮಾತು ನಿಲ್ಲುತ್ತಿತ್ತು. ಗಂಗಮ್ಮ ತನ್ನ ಮೊರವನ್ನೂ ಸಂಜೆ ಮನೆಗೆ ಒಯ್ಯುತ್ತಿದ್ದಳು. "ಯಾರನ್ನ ನಂಬಾದು ಯಾರನ್ನ ಬಿಡಾದು ಮೇಡಮ್ಮೋರೆ? ನಾಳೆ ನನ್ನ ಮೊರದಾಗೇ ಆ ಫ್ಯೂಸು ಸಿಕ್ರೆ?" ಎಂದಿದ್ದಳು. ಇಂಥ ಕಡೆ ಹೊಸಬರಿಗೆ ಒಂದು ಅನುಕೂಲವಿದೆ. ಒಬ್ಬರನ್ನೊಬ್ಬರು ನಂಬದವರು ಹೊಸಬರನ್ನು ನಂಬಿಬಿಡುತ್ತಾರೆ. ಮೂರು ಜಾಗದಲ್ಲೂ ನನಗೆ ಚಹಾ ಸಿಗುತ್ತಿತ್ತು.

ಹೆಚ್ಚು ಮಾತಾಡಿದವರು ನೀವು. ನಿಮ್ಮೂರು ಕುಪ್ಪಗಡ್ಡೆಯ ಮಾತು, ಹೆಂಡತಿಯ ಮಾತು, ಫ್ಯೂಸುಗಳಿರುವ ಆ ಕರೆಂಟಿನ ಪೆಟ್ಟಿಗೆಯ ಮಾತು. ಒಂದು ಫ್ಯೂಸು ತೆಗೆದರೆ ಮೋಟಾರು ಯಾಕೆ ಸುಡುತ್ತದೆ ಎಂದು ನಾನು — ಗೊತ್ತಿದ್ದೂ — ಕೇಳಿದಾಗ ಎಷ್ಟು ಚೆನ್ನಾಗಿ ವಿವರಿಸಿದಿರಿ. "ಮೂರೆಳೆ ಕರೆಂಟು ಬೇಕು ಮೇಡಂ ಇದಕ್ಕೆ. ಒಂದು ಹೋತು ಅಂದ್ರೆ ಉಳಿದೆರಡರ ಮೇಲೇ ಹೆಣಗಾಡಿ ಹೆಣಗಾಡಿ ಸುಟ್ಕಳ್ತು. ನಿಂತೇಬಿಟ್ರೆ ಬಚಾವು. ನಿಲ್ಲದಿಲ್ಲ, ಅದೇ ಫಜೀತಿ." ಸೊರಬದ ಹೊಸ ಮಿಲ್ಲಿನವರು ನಿಮ್ಮನ್ನು ಕರೆಯುತ್ತಿದ್ದಾರೆಂದೂ ಹೇಳಿದಿರಿ. "ನಾ ಹೋಗದಿಲ್ಲ. ಈ ಮಷೀನು ನಂಗೆ ಕೈಗೆ ಕೂತಿದೆ ಮಾರಾಯ್ರೆ."

ಸೊರಬದವರು ಕರೆಯುತ್ತಿದ್ದಾರೆಂಬ ಮೊದಲ ಮಾತನ್ನು ಸಾಹುಕಾರರಿಗೆ ಮುಟ್ಟಿಸಿದೆ. ಹೋಗುವುದಿಲ್ಲ ಎಂದ ಎರಡನೆಯದನ್ನು ಮುಟ್ಟಿಸಲಿಲ್ಲ. ಸುಳ್ಳು ಹೇಳಲಿಲ್ಲವಲ್ಲ ಎಂದು ಆಗ ಸಮಾಧಾನಪಟ್ಟುಕೊಂಡೆ. ಅಷ್ಟಕ್ಕೇ ನಿಲ್ಲಿಸಿದ್ದು ಸುಳ್ಳಿಗಿಂತ ಕೀಳು.

ಇನ್ನೊಂದು ಗಮನಿಸಿದ್ದೆ. ಯಂತ್ರ ಎಲ್ಲ ಸೋಮವಾರವೂ ಕೆಡುತ್ತಿರಲಿಲ್ಲ. ಆದರೆ ಕೆಟ್ಟಾಗಲೆಲ್ಲ ಸೋಮವಾರ. ನಿಮ್ಮ ವಾರದ ರಜೆ ಭಾನುವಾರ. ಊರಿಗೆ ಹೋಗಿ ಸೋಮವಾರ ಬೆಳಗಿನ ಮೊದಲ ಬಸ್ಸಿಗೆ ಬರುತ್ತಿದ್ದಿರಿ. ಸೊರಬದ ಕಡೆ ಯಾರೋ ಕಿವಿ ಊದುತ್ತಾರೆ, ಇಲ್ಲಿ ಬಂದು ಕೈ ಚಳಕ ತೋರಿಸುತ್ತೀರಿ — ಎಷ್ಟು ಸಲೀಸಾಗಿ ಕೂಡಿಬಂತು ಲೆಕ್ಕ! ಸೋಮವಾರವೇ ಯಾಕೆ ಕೆಡುತ್ತದೆ ಎಂದು ನಿಮ್ಮನ್ನೇ ಕೇಳಿದ್ದೆ. "ಅದಕ್ಕೂ ಭಾನುವಾರದ ಮಂಪರು ಬಿಡ್ಬೇಕಲ್ರೀ" ಎಂದು ನಗಾಡಿದಿರಿ. ಆ ನಗುವನ್ನೂ ಸಾಕ್ಷಿಯ ಗಂಟಿಗೆ ಸೇರಿಸಿಕೊಂಡೆ.

ಆಮೇಲೆ ನೀವು ಪೆಟ್ಟಿಗೆಗೆ ನಿಮ್ಮ ಸ್ವಂತ ಬೀಗ ಹಾಕಿದಿರಿ. ಇನ್ನು ಕೆಟ್ಟರೆ ನಾಗರಾಜನೇ ಎಂದು ನಾನು ಭಾನುವಾರ ಫೋನಿನಲ್ಲಿ ಸಾಹುಕಾರರಿಗೆ ಹೇಳಿದೆ. ಎಲ್ಲರ ಎದುರಿಗೇ ಕೇಳಿ, ಮುಖದಲ್ಲಿ ಗೊತ್ತಾಗುತ್ತದೆ ಎಂಬ ಉಪಾಯವೂ ನನ್ನದೇ. ಮರುದಿನವೇ ಮೂರನೆಯ ಮೋಟಾರು ಸುಟ್ಟಿತು.

ಮಿಲ್ಲಿನ ಅಂಗಳದ ಆ ಕಣ ನನ್ನ ಕಣ್ಣ ಮುಂದಿದೆ. ಹರಡಿದ ಜೋಳ, ಕೆಲಸ ಬಿಟ್ಟು ನಿಂತ ಹಮಾಲರು, ಮಿಲ್ಲಿನ ಒಳಗಿಂದ ಬರುತ್ತಿದ್ದ ಸುಟ್ಟ ವಾಸನೆ. ಸಾಹುಕಾರರು ನಿಮ್ಮ ಚೀಲವನ್ನು ಎಲ್ಲರ ಎದುರು ಕೊಡವಿಸಿದರು. ಟಿಫಿನ್ ಡಬ್ಬಿ, ಟೆಸ್ಟರು, ಮಡಿಸಿದ ಟವೆಲ್ಲು. ಫ್ಯೂಸು ಇರಲಿಲ್ಲ.

"ಬೀಗದಕೈ ಎಷ್ಟೈತೋ?" ಎಂದರು.

ನೀವು ಒಮ್ಮೆ ಯಂತ್ರದ ಕಡೆ ನೋಡಿದಿರಿ. ಅಲ್ಲಿ ಈರಭದ್ರಪ್ಪಜ್ಜ ಹೆಗಲ ಮೇಲಿನ ವಸ್ತ್ರದಲ್ಲಿ ಮುಖ ಒರೆಸಿಕೊಳ್ಳುತ್ತಿದ್ದ. ಆಮೇಲೆ ಹೇಳಿದಿರಿ, "ಒಂದೇ. ನನ್ ಹತ್ರಾನೇ ಇರದು."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರು ಎಂದು ನಾನು ಒಳಗೇ ಬೀಗಿದೆ. ಛೆ — ಆ ಬೀಗುವಿಕೆ ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ನಾಳೆಯಿಂದ ಬರಬೇಡ ಎಂದರು. ನೀವು ನೆಲದ ಮೇಲಿನ ಸಾಮಾನು ಒಂದೊಂದಾಗಿ ಚೀಲಕ್ಕೆ ತುಂಬಿಕೊಂಡು ಎದ್ದಿರಿ. ಸುತ್ತ ನಿಂತವರಲ್ಲಿ ನನ್ನನ್ನೇ ಹುಡುಕಿ ನೋಡಿ ಕೇಳಿದಿರಿ, "ಸುಮಾ ಮೇಡಂ, ನೀವಾದ್ರೂ ಹೇಳ್ರೀ. ನಾ ಅಂಥೋನಾ?"

"ನನಗೇನೂ ಗೊತ್ತಿಲ್ಲ" ಎಂದೆ.

ನೀವು ತಲೆಯಾಡಿಸಿ ಗೇಟಿನ ಕಡೆ ನಡೆದಿರಿ. "ಉಂಡ ಮನೆಗೆ ಎಲ್ಡು ಬಗೆದ ನೋಡ್ರಿ" ಎಂದು ಗಂಗಮ್ಮ ಮೊರ ಕೊಡವಿದಳು. ಅವಳಿಗೆ ಪಾಪ, ತನ್ನ ಮೇಲೆ ಬರಲಿಲ್ಲವೆಂಬ ನೆಮ್ಮದಿ.

ಕಂಪನಿಯಲ್ಲಿ ನನ್ನ ಬೆನ್ನು ತಟ್ಟಿದರು. ಕೈವಾಡ ರುಜುವಾದ ಮೇಲೆ ಗ್ಯಾರಂಟಿಯ ತಲೆನೋವಿಲ್ಲ. ಯಾರಿಗೂ ಸಂಶಯ ಬಾರದಿರಲಿ, ಇನ್ನೂ ಸ್ವಲ್ಪ ದಿನ ಅಲ್ಲೇ ಇದ್ದು ಬಾ ಎಂದರು. ಇದ್ದೆ. ಹೊಸ ಮೋಟಾರು ಕೂರಿಸಿದರು. ಹೊಸ ಎಲೆಕ್ಟ್ರಿಷಿಯನ್ ಸಿಕ್ಕಿರಲಿಲ್ಲ. ನಿಮ್ಮ ಬೀಗದಕೈ ಸಾಹುಕಾರರ ಜೇಬಿನಲ್ಲಿತ್ತು.

ಅದಾದ ಮೇಲಿನ ಒಂದು ಸೋಮವಾರ ಬೆಳಿಗ್ಗೆ ನಾನು ಎಲ್ಲರಿಗಿಂತ ಮೊದಲು ಮಿಲ್ಲಿಗೆ ಹೋದೆ. ಪೆಟ್ಟಿಗೆಯ ಬಾಗಿಲು ತೆರೆದಿತ್ತು. ಈರಭದ್ರಪ್ಪಜ್ಜ ಸ್ನಾನ ಮಾಡಿ, ಹಣೆತುಂಬ ವಿಭೂತಿ ಬಳಿದುಕೊಂಡು, ಯಂತ್ರಕ್ಕೂ ಮೂರು ಬೆರಳಲ್ಲಿ ಎಳೆದು, ಕೈ ಮುಗಿದು ನಿಂತಿದ್ದ. ಮುಗಿದ ಕೈಗಳ ನಡುವೆ ಫ್ಯೂಸು. ಬೀಗದಕೈ ಅವನ ಉಡಿದಾರದಲ್ಲಿ ತೂಗಾಡುತ್ತಿತ್ತು.

ಬೆಚ್ಚಲೂ ಇಲ್ಲ ನೋಡಿ ಅವನು. "ಸೋಮಾರ ಅಲ್ಲೇನವ್ವ ಇವತ್ತು, ಬಸವಣ್ಣನ ದಿನ" ಎಂದ. "ನಮ್ಮಪ್ಪನ ಕಾಲದಿಂದ ಸೋಮಾರ ಎತ್ತಿನ ಹೆಗಲಿಗೆ ನೊಗ ಇಟ್ಟೋರಲ್ಲ ನಾವು. ಎತ್ತು ಹೋದ್ವು, ಈಗ ಅನ್ನ ಹಾಕೋದು ಇದು. ಹೊಟ್ಟ್ಯಾಗೆ ಬೆಂಕಿ ಇಟ್ಕಂಡು ವಾರೆಲ್ಲ ಗೇಯ್ತೈತಿ. ಒಂದಿನ ಮಲಗ್ಲಿ ಅಂತ. ನಾ ಮಗಳ ಮನಿಗೆ ಬಳ್ಳಿಗಾವಿಗೆ ಹೋದ ಸೋಮಾರ ಮಾತ್ರ ತಪ್ಪತೈತಿ."

"ಒಂದೇ ಯಾಕಜ್ಜ ತೆಗೀತೀರಿ?"

"ಮೂರೂ ತಗದ್ರೆ ಬೈತಾರೆ. ಒಂದು ತಗದ್ರೆ ಸಾಕು, ಮಲಗತೈತಿ."

ಮಲಗುತ್ತಿರಲಿಲ್ಲ. ಬೆಳಿಗ್ಗೆ ಯಾರಾದರೂ ಗುಂಡಿ ಒತ್ತಿದಾಗ ಅದು ಉಳಿದೆರಡು ಎಳೆಯ ಮೇಲೆ ಹೆಣಗಾಡಿ ಸುಡುತ್ತಿತ್ತು. ನೀವು ಹತ್ತಿರವಿದ್ದು ತಕ್ಷಣ ಆಫ್ ಮಾಡಿದ ದಿನ ಉಳಿದಿತ್ತು, ಹತ್ತಿರ ಇಲ್ಲದ ದಿನ ಸುಟ್ಟಿತ್ತು. ಎತ್ತಿಗೆ ಬಿಡುವು ಕೊಡುವ ಪದ್ಧತಿ ಇದೆಯೆಂದು ನಿಮ್ಮ ಕಡೆಯ ಎಲ್ಲರಿಗೂ ಗೊತ್ತು. ಅದನ್ನು ಒಬ್ಬ ಮುದುಕ ಮೋಟಾರಿಗೂ ಕೊಟ್ಟಾನು ಎಂದು ಯಾರಿಗೂ ಹೊಳೆಯಲಿಲ್ಲ. ಸೋಮವಾರ ಎಂದ ಕೂಡಲೇ ನನಗೆ ನಿಮ್ಮ ಬಸ್ಸು ಮಾತ್ರ ಕಂಡಿತ್ತು.

"ಮತ್ತೆ ಮೋಟಾರು ಸುಟ್ಟಿದ್ದು ಅಜ್ಜ?" ಎಂದೆ.

"ಅದು ನಾಗರಾಜ ಸುಟ್ಟಿದ್ದಂತಲ್ಲವ್ವ. ಒಳ್ಳೆ ಹುಡುಗ, ಯಾರ ಮಾತು ಕೇಳಿ ಕೆಟ್ನೋ. ತಾನು ಊರಿಗೆ ಹೋದಾಗ ಬೆಂಕಿ ಗಿಂಕಿ ಹತ್ತಿದ್ರೆ ಇರ್ಲಿ ಅಂತ ಈ ಕೀ ಕೊಟ್ಟೋನೂ ಅವನೇ. ಯಾರಿಗೂ ಹೇಳಬ್ಯಾಡ ಅಂದಿದ್ದ, ಅದಕ್ಕೇ ಹೇಳಿಲ್ಲ."

ಆಗ ನನಗೆ ಆ ಕಣದಲ್ಲಿ ನೀವು ನೋಡಿದ ನೋಟ ಅರ್ಥವಾಯಿತು. ಬೀಗ ಹಾಕಿದ ಮೇಲೂ ಫ್ಯೂಸು ಹೋಗಿದೆಯೆಂದರೆ ಯಾರ ಕೈ ಎಂದು ನಿಮಗೆ ಆ ಕ್ಷಣವೇ ತಿಳಿದಿತ್ತು. ಎರಡು ಎಂದು ಒಂದು ಮಾತು ಹೇಳಿದ್ದರೆ ನೀವು ಉಳಿಯುತ್ತಿದ್ದಿರಿ. ಅಜ್ಜ ಆ ವಯಸ್ಸಿನಲ್ಲಿ ತಾನು ವಾಸವಿದ್ದ ಮಿಲ್ಲಿನ ಕೋಣೆ ಬಿಟ್ಟು ಬೀದಿಗೆ ಬೀಳುತ್ತಿದ್ದ. ನೀವು ಒಂದೇ ಎಂದಿರಿ. ಆ ಒಂದು ಸುಳ್ಳನ್ನೇ ನಿಮ್ಮ ಕಳ್ಳತನಕ್ಕೆ ರುಜುವಾತು ಮಾಡಿದವಳು ನಾನು.

ಆ ಬೆಳಿಗ್ಗೆ ನನ್ನ ಕೈಯಲ್ಲಿ ಫೋನಿತ್ತು. ಸಾಹುಕಾರರಿಗೆ ಒಂದು ಮಾತು — ಅಷ್ಟೇ ಸಾಕಿತ್ತು. ಮಾಡಲಿಲ್ಲ. ಅಜ್ಜನ ಮೇಲಿನ ಕನಿಕರ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಕನಿಕರ ನಿಮ್ಮದು. ನನ್ನದು ಬೆನ್ನು ತಟ್ಟಿಸಿಕೊಂಡವಳ ಹೆದರಿಕೆ.

ಫ್ಯೂಸನ್ನು ಅದರ ಜಾಗಕ್ಕೆ ಹಾಕಿದೆ. ಅಜ್ಜನ ಉಡಿದಾರದಿಂದ ಬೀಗದಕೈ ಬಿಡಿಸಿಕೊಂಡೆ. ಇನ್ನು ಮುಟ್ಟಬೇಡಿ, ಸೋಮವಾರ ರಜೆ ನಾನೇ ಕೊಡಿಸುತ್ತೇನೆ ಎಂದೆ. "ನಿನ್ ಹೊಟ್ಟೆ ತಣ್ಣಗಿರ್ಲಿ ತಾಯಿ" ಎಂದ. ಯಂತ್ರಕ್ಕೆ ವಾರಕ್ಕೊಂದು ದಿನ ವಿರಾಮ ಬೇಕು, ಸೋಮವಾರವಾದರೆ ಒಳ್ಳೆಯದು ಎಂದು ಸಾಹುಕಾರರಿಗೆ ತಜ್ಞೆಯ ಹಾಗೆ ಹೇಳಿದೆ. ಅವರು ಒಪ್ಪಿದರು. ಅಂದಿನಿಂದ ಮೋಟಾರು ಕೆಟ್ಟಿಲ್ಲ.

ಇದರಿಂದ ನಿಮಗೇನಾಯಿತು ಎಂಬುದು ನನಗೆ ತಡವಾಗಿ ತಿಳಿಯಿತು. ನಾಗರಾಜ ಹೋದ, ಮಿಲ್ಲು ನೆಟ್ಟಗಾಯಿತು ಎಂದು ಊರೆಲ್ಲ ಆಡಿಕೊಂಡಿತು. ನನ್ನ ರಜೆಯ ಉಪಾಯ ನಿಮ್ಮ ಮೇಲೆ ಎರಡನೆಯ ಸಲ ತೀರ್ಪು ಬರೆಯಿತು, ಅಳಿಸಲಾಗದ ಹಾಗೆ.

ಕಳೆದ ತಿಂಗಳು ಗಂಗಮ್ಮ ಫೋನು ಮಾಡಿ, ಈರಭದ್ರಪ್ಪಜ್ಜ ಹೋದ ಎಂದಳು. ಮಾತಿಗೆ ಮಾತು ಬಂದು ನಿಮ್ಮ ಸುದ್ದಿ ಕೇಳಿದೆ. ಕುಪ್ಪಗಡ್ಡೆಯ ಮನೆಯ ಜಗಲಿಯಲ್ಲಿ ಸುಟ್ಟ ಮೋಟಾರುಗಳಿಗೆ ತಂತಿ ಸುತ್ತುತ್ತೀರಂತೆ. "ಸೊರಬದ ಮಿಲ್ನೋರು ಮೋಟ್ರು ಬಿಚ್ಚಿ ಅವನ ಮನಿಗೇ ತಂದು ಹಾಕ್ತಾರೆ, ಅವನನ್ನ ಮಿಲ್ಲಿನ ಒಳಗೆ ಮಾತ್ರ ಬಿಡದಿಲ್ಲಂತೆ ಮೇಡಮ್ಮೋರೆ" ಎಂದಳು. ಅವಳಿಗೆ ಅದು ಬರಿಯ ಸುದ್ದಿ.

ಮೊನ್ನೆ ಸಾಹುಕಾರರಿಗೆ ಫೋನು ಮಾಡಿದೆ. ನಾಗರಾಜ ಸುಟ್ಟಿಲ್ಲ, ನನಗೆ ಆಗಲೇ ಗೊತ್ತಿತ್ತು, ಹೇಳಲಿಲ್ಲ ಎಂದೆ. ಮತ್ತೆ ಯಾರು ಎಂದರು. ಅದು ನಾನು ಹೇಳುವ ಮಾತಲ್ಲ ಎಂದೆ. "ಯಾರಾದ್ರೇನು ಬಿಡ್ರೀ ಮೇಡಂ, ಹಳೇ ಮಾತು" ಎಂದರು. ಎಲ್ಲರ ಎದುರು ಬಂದು ಹೇಳಬೇಕು ಎಂದೆ. "ಹಂಗಾದ್ರೆ ಸೋಮಾರ ಬರ್ರಿ, ರಜೆ ಇರತೈತಿ, ಯಾರೂ ಇರಲ್ಲ."

ಮಂಗಳವಾರ ಬರುತ್ತೇನೆ ಎಂದೆ. ಜೋಳದ ಲಾರಿ ಬಂದಿರುವ ಹೊತ್ತಿಗೆ, ಹಮಾಲರೂ ಗಂಗಮ್ಮನೂ ಇರುವಾಗ, ನಿಮ್ಮ ಚೀಲ ಕೊಡವಿಸಿದ ಜಾಗದಲ್ಲೇ.

ಅಜ್ಜನ ಹೆಸರು ಅಲ್ಲಿ ಎತ್ತುವುದಿಲ್ಲ. ಅದನ್ನು ಕಾಪಾಡಿದವರು ನೀವು. ಹೇಳುವುದೋ ಬಿಡುವುದೋ ನಿಮಗೆ ಸೇರಿದ್ದು. ನನ್ನ ಹೆಸರು ಹೇಳುತ್ತೇನೆ, ನಾನು ಯಾರ ಕಡೆಯಿಂದ ಬಂದಿದ್ದೆ ಎಂದು ಹೇಳುತ್ತೇನೆ. ಕ್ಷಮಿಸಿ ಎಂದು ಕೇಳುವ ಮುಖ ನನಗಿಲ್ಲ, ಕೇಳುವುದೂ ಇಲ್ಲ. ಅಜ್ಜನಿಂದ ಬಿಡಿಸಿಕೊಂಡ ಬೀಗದಕೈ ಈಗಲೂ ನನ್ನ ಹತ್ತಿರವಿದೆ. ಅದನ್ನೂ ತರುತ್ತೇನೆ.

ನೀವು ಬರಲೇಬೇಕೆಂದು ಕರೆಯುತ್ತಿಲ್ಲ. ಆ ಗೇಟಿನೊಳಗೆ ಕಾಲಿಡಲು ನಿಮಗೆ ಮನಸ್ಸಾಗದಿದ್ದರೆ ಅದು ನ್ಯಾಯವೇ. ಆದರೆ ಅಂದು ಅಷ್ಟು ಜನರ ನಡುವೆ ನನ್ನನ್ನೇ ಹುಡುಕಿ ಕೇಳಿದಿರಲ್ಲ, ನೀವಾದರೂ ಹೇಳ್ರೀ ಎಂದು — ನೀವು ಇರಲಿ, ಇಲ್ಲದಿರಲಿ, ಮಂಗಳವಾರ ಹೇಳುತ್ತೇನೆ.