ಕೊಡ ತುಳುಕದ ಹಾಡು

ನಿಮ್ಮ ಅಜ್ಜ ಸಾಗರದ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಊದುತ್ತಿದ್ದರು. ಲಿಂಗನಮಕ್ಕಿ ಅಣೆಕಟ್ಟು ಕಟ್ಟುತ್ತಿದ್ದ ಕಾಲ. ಅಲ್ಲಿಯ ಎಂಜಿನಿಯರುಗಳ ಕ್ಲಬ್ಬಿನಿಂದ ಬ್ಯಾಂಡಿಗೆ ಮೊದಲ ಸಲ ಕರೆ ಬಂತು. ಜೋಡಿಗಳು ಕುಣಿಯಲು ನಿಧಾನದ ಹಾಡು ಬೇಕು, ಇಲ್ಲದಿದ್ದರೆ ಶಿವಮೊಗ್ಗದ ಬ್ಯಾಂಡ್ ಕರೆಸುತ್ತೇವೆ ಎಂದಿದ್ದರಂತೆ. ಮದುವೆ ದಿಬ್ಬಣಗಳಲ್ಲಿ ಊದಿ ಊದಿ ಇವರ ಹಾಡುಗಳೆಲ್ಲ ಓಡುತ್ತಿದ್ದವು.

"ನೀನು ಕೊಡ ಹೊತ್ತು ತಾಳಕ್ಕೆ ಹೆಜ್ಜೆ ಹಾಕು. ನೀರು ತುಳುಕಿದ್ರೆ ಆ ಹಾಡು ಬೇಡ" ಅಂದರು ನಿಮ್ಮ ಅಜ್ಜ ನನಗೆ.

ಬಾವಿಯಿಂದ ಜಗಲಿಗೆ ನಡೆದೆ. ಅವರು ಊದಿದ ಪ್ರತಿ ಹಾಡಿಗೂ ಸೀರೆ ನೆನೆಯಿತು.

"ಹಾಡಿಂದಲ್ಲ, ನಿನ್ನ ಸೊಂಟದ್ದೇ ತಪ್ಪು."

"ಹಾಗಾದ್ರೆ ನೀವೇ ಹೊರಿ."

ಅವರು ಸೋತು ಕೂತಾಗ, ಉಳಿದ ನೀರು ಒಳಗಿಡಲು ಹೊರಟೆ. ಅಮ್ಮ ನನ್ನ ತಲೆ ಬಾಚುತ್ತಾ ಹೇಳುತ್ತಿದ್ದ ಹಾಡು ತಾನಾಗಿ ಬಾಯಿಗೆ ಬಂತು. ಯಾರೆದುರೂ ಹಾಡಿದವಳಲ್ಲ ನಾನು.

"ನಿಲ್ಲಿಸಬೇಡ" ಎಂದು ಅವರು ಸ್ಯಾಕ್ಸೋಫೋನ್ ಊದುತ್ತಾ ಮೆಲ್ಲಗೆ ಜೊತೆಗೂಡಿದರು. ನೀರು ಅಲುಗಲಿಲ್ಲ.

ಆ ಸಂಜೆ ಅವರು ಅದೇ ಹಾಡು ಊದುವಾಗ ಕ್ಲಬ್ಬಿನ ಕಿಟಕಿಯಾಚೆ ನಿಂತು ನೋಡಿದೆ. ಗುರುತಿಲ್ಲದ ಹೆಂಗಸರು ಕಣ್ಣು ಮುಚ್ಚಿ, ಸೊಂಟದಲ್ಲಿ ತುಂಬಿದ ಕೊಡವಿದೆಯೇನೋ ಎಂಬಂತೆ ತೇಲುತ್ತಿದ್ದರು. ನನ್ನ ಕೈ ತಾನಾಗಿ ನನ್ನ ಜಡೆ ಮುಟ್ಟಿತು.