ಯಾವ ಖಲಾಸ್

ಕುವೈತಿನಲ್ಲಿ ಖಲಾಸ್ ಎಂಬ ಮಾತು ಎಲ್ಲದಕ್ಕೂ ಸಲ್ಲುತ್ತದೆ. ಚಹಾ ತೀರಿದರೂ ಖಲಾಸ್, ಪಾಳಿ ಮುಗಿದರೂ ಖಲಾಸ್, ಸಾಕು ನಿಲ್ಲಿಸು ಅನ್ನುವುದಕ್ಕೂ ಖಲಾಸ್. ನಮ್ಮ ಷೆಡ್ಡಿನೊಳಗೆ ಮಾತ್ರ ಅದಕ್ಕೆ ಒಂದೇ ಅರ್ಥ: ಯಂತ್ರದ ಒತ್ತಡ ಸೊನ್ನೆಗೆ ಇಳಿದಿದೆ, ಇನ್ನು ಮುಚ್ಚಳ ಬಿಚ್ಚಬಹುದು. ಬೇರೆ ಯಾವುದಕ್ಕೂ ಆ ಮಾತು ಆಡಕೂಡದು. ಚಹಾ ತೀರಿದರೆ ಕನ್ನಡದಲ್ಲಿ ‘ಮುಗೀತು’ ಅನ್ನಬೇಕು. ಯಂತ್ರದ ಮೇಲಿನ ಗೋಡೆಯಲ್ಲಿ ಅರಬ್ಬಿ ಮತ್ತು ಹಿಂದಿಯಲ್ಲಿ ಬರೆಸಿಯೂ ಇತ್ತು: ಖಲಾಸ್ ಎಂದು ಕೇಳುವ ತನಕ ಮುಟ್ಟಬೇಡಿ.

ಬರೆಸಿದವರು ಯಂತ್ರ ನಡೆಸುತ್ತಿದ್ದ, ಮಂಗಳೂರು ಕಡೆಯ ಕ್ರಿಶ್ಚಿಯನ್ ಒಬ್ಬರು. ನನಗಿಂತ ಬಹಳ ದೊಡ್ಡವರು, ನಾನು ಅಣ್ಣಾರ ಅನ್ನುತ್ತಿದ್ದೆ. ಧಾರವಾಡದಲ್ಲಿ ರಸಾಯನಶಾಸ್ತ್ರ ಓದಿ ಬಂದ ನಾನು ಎಣ್ಣೆಯನ್ನು ಪರೀಕ್ಷಿಸುವವನು. ಕೆಲಸ ಇಷ್ಟೇ: ಸೋಡಾದಲ್ಲಿ ಬರುವ ಅದೇ ಇಂಗಾಲದ ಡೈಆಕ್ಸೈಡನ್ನು ನೀರಿನಂತೆ ಹರಿಯುವಷ್ಟು ಒತ್ತಿ, ಪುಡಿ ಮಾಡಿದ ಕರಿಜೀರಿಗೆಯ ಮೂಲಕವೋ ಧೂಪದ ಅಂಟಿನ ಮೂಲಕವೋ ಹಾಯಿಸುವುದು. ಅದು ಎಣ್ಣೆಯನ್ನು ಹೊತ್ತು ತರುತ್ತದೆ. ಒತ್ತಡ ಇಳಿಸಿದರೆ ಗಾಳಿ ಹಾರಿಹೋಗಿ ಎಣ್ಣೆ ಮುಚ್ಚಳ ಬಿಗಿದ ಉಕ್ಕಿನ ಬಟ್ಟಲಲ್ಲಿ ಉಳಿಯುತ್ತದೆ. ಅತ್ತರಿನ ಅಂಗಡಿಗಳು ನಮ್ಮ ಗಿರಾಕಿಗಳು.

ಕಷ್ಟವೆಲ್ಲ ಹದದ್ದು. ಒತ್ತಡ ಜಾಸ್ತಿಯಾದರೆ ಎಣ್ಣೆಯ ಜೊತೆ ಮೇಣವೂ ಇಳಿದು ಬರುತ್ತದೆ. ಬಿಸಿಯಿರುವಾಗ ಗೊತ್ತಾಗುವುದಿಲ್ಲ, ತಣ್ಣಗಾದರೆ ಹೆರೆತ ತುಪ್ಪದಂತೆ ಕೂರುತ್ತದೆ. ಅಣ್ಣ ಬಟ್ಟಲು ಓರೆ ಮಾಡಿ ನೋಡಿ, “ಇವತ್ತು ನಿಮ್ಮ ಧಾರವಾಡದ ಝುಣಕ ಆಗಿದೆ ಮಾರಾಯ, ಚಮಚ ನಿಲ್ತದೆ” ಅನ್ನುತ್ತಿದ್ದರು. ತೀರಾ ತೆಳ್ಳಗಾದ ದಿನ ನಾನು, ನಿಮ್ಮ ನೀರುದೋಸೆ ಹಿಟ್ಟಾಗಿದೆ, ಹುಯ್ಯಲು ಕಾವಲಿ ತರಲೇನ್ರೀ ಎಂದು ಕೇಳುತ್ತಿದ್ದೆ. ನಮ್ಮಿಬ್ಬರ ನಡುವೆ ಒಪ್ಪಿಗೆಯಾದ ಹದವೆಂದರೆ ಶೇಂಗಾ ಉಂಡಿಗೆ ಹಾಕುವ ಪಾಕಕ್ಕಿಂತ ಒಂದು ಕುದಿ ಮೊದಲಿನದು.

ನಮಗೆ ವೀಸಾ ಕೊಟ್ಟ ಕಫೀಲನ, ಅಂದರೆ ಷೆಡ್ಡಿನ ಮಾಲೀಕನ, ತಮ್ಮನ ಮಗ ಅಲ್ಲಿಗೆ ಬಂದು ಕೂರಲು ಶುರು ಮಾಡಿದ್ದು ಚಳಿಗಾಲದಲ್ಲಿ. ಆಗ ಹೊಗೆಯಾಡಿಸುವ ಎಲೆಕ್ಟ್ರಿಕ್ ಪೆನ್ನುಗಳು ಹೊಸದಾಗಿ ಬಂದಿದ್ದವು, ಅವನ ಬೆರಳ ನಡುವೆ ಯಾವಾಗಲೂ ಒಂದು ಇರುತ್ತಿತ್ತು. ನನ್ನನ್ನು ‘ದಕ್ತೂರ್’ ಎಂದು ಕರೆದು ನಗುತ್ತಿದ್ದ. ನಮ್ಮ ಚಹಾ ಕುಡಿದ, ಯಂತ್ರ ನೋಡಿದ, ಅಣ್ಣ ಒತ್ತಡದ ಮಾಪಕ ನೋಡಿ ಖಲಾಸ್ ಎಂದು ಕೂಗುವುದನ್ನು ಅವರ ಧ್ವನಿಯಲ್ಲೇ ಅಣಕಿಸುವುದನ್ನೂ ಕಲಿತ. ಕೆಲವು ಸಲ ಆ ಕೂಗು ಕೇಳಿ ತಾನೇ ಸ್ಪ್ಯಾನರ್ ಹಿಡಿದು ಮುಚ್ಚಳ ಬಿಚ್ಚಿದ್ದೂ ಉಂಟು. ಹುಡುಗಾಟವೆಂದು ನಾವೂ ನಕ್ಕೆವು.

ಅವನಿಗೆ ಬೇಕಾಗಿದ್ದು ಕರಿಜೀರಿಗೆಯ ಎಣ್ಣೆಯಲ್ಲ. ಒಂದು ಶುಕ್ರವಾರ ಷೆಡ್ಡುಗಳಿಗೆಲ್ಲ ರಜೆಯಿರುವಾಗ ಅವನು ಅಣ್ಣನನ್ನು ಮನೆಯಿಂದ ಕರೆದೊಯ್ದು, ಗಾಂಜಾದ ಅಂಟನ್ನು ಒತ್ತಿ ಮಾಡಿದ ಕಪ್ಪು ಬಿಲ್ಲೆಗಳನ್ನು ಯಂತ್ರಕ್ಕೆ ಹಾಕಿಸಿದ್ದ. ಇದು ನನಗೆ ತಿಳಿದದ್ದು ಆಮೇಲೆ. ಕುವೈತಿನಲ್ಲಿ ಆ ಮಾಲಿನ ಜೊತೆ ಸಿಕ್ಕಿಬಿದ್ದವನು ಬದುಕಿ ಊರು ಕಾಣುವುದೇ ಅನುಮಾನ. ಒಲ್ಲೆ ಎಂದದ್ದಕ್ಕೆ, ಬಿಲ್ಲೆಗಳನ್ನು ಅಣ್ಣನ ಕೋಣೆಯಲ್ಲಿಟ್ಟು ಪೊಲೀಸರನ್ನು ಕರೆಸುತ್ತೇನೆ ಎಂದು ಹೆದರಿಸಿದನಂತೆ. ಪೆನ್ನುಗಳಿಗೆ ತುಂಬುವ ಎಣ್ಣೆ ಅವನಿಗೆ ಬೇಕಿತ್ತು. ಬಂದ ಎಣ್ಣೆ ಅವನ ಫ್ರಿಜ್ಜಿನಲ್ಲಿ ಮೇಣವಾಗಿ ಹೆಪ್ಪುಗಟ್ಟಿತು.

ಮುಂದಿನ ಶುಕ್ರವಾರ ಬೆಳಿಗ್ಗೆ ಯಂತ್ರ ಕೆಟ್ಟಿದೆ ಬಾ ಎಂದು ನನಗೆ ಫೋನು ಬಂತು. ಫರ್ವಾನಿಯಾದಿಂದ ಬಸ್ಸು ಹಿಡಿದು ಹೋದೆ. ಷಟರ್ ಅರ್ಧ ಎತ್ತಿತ್ತು. ಬಗ್ಗಿ ಒಳಗೆ ಹೋದೊಡನೆ ಹಿಂದೆ ಅದು ಇಳಿದು ಬೀಗ ಬಿದ್ದ ಸದ್ದಾಯಿತು. ಅಣ್ಣ ಗೋಡೆಗೆ ಒರಗಿ ಕೂತಿದ್ದರು. ಒಂದು ಕಣ್ಣು ಮುಚ್ಚಿಹೋಗಿತ್ತು, ಕಿವಿಯಿಂದ ಇಳಿದ ರಕ್ತ ಅಂಗಿಯ ಕಾಲರಿನಲ್ಲಿ ಒಣಗಿತ್ತು. ಹುಡುಗನ ಒಂದು ಕೈಯಲ್ಲಿ ಪೈಪಿನ ತುಂಡು, ಸೊಂಟದಲ್ಲಿ ಬಿಲ್ಲೆ ಕತ್ತರಿಸುವ ಚಾಕು. ಮೇಜಿನ ಮೇಲೆ ಹೆಪ್ಪುಗಟ್ಟಿದ ಬಾಟಲಿ.

ಅವನು ನನ್ನನ್ನು ಮುಟ್ಟಲಿಲ್ಲ. ಇದು ಯಾಕೆ ಗಟ್ಟಿಯಾಯಿತು ಎಂದು ಕೇಳಿದ. ಮೇಣ ಎಂದೆ. ಅಣ್ಣನ ಮೊಣಕಾಲಿಗೆ ಹೊಡೆದ. ತೆಗೆಯಲು ಆಗುತ್ತದೆಯೇ ಎಂದು ಕೇಳಿದ. ಆಗುತ್ತದೆ, ಸಮಯ ಬೇಕು ಎಂದೆ. ಅದೇ ಮೊಣಕಾಲಿಗೆ ಮತ್ತೆ ಹೊಡೆದ. ಉತ್ತರ ನನ್ನದು, ಏಟು ಅವರಿಗೆ. ಒಳ್ಳೆಯ ಎಣ್ಣೆಯನ್ನು ಅಣ್ಣ ಕದ್ದಿಟ್ಟು ತನಗೆ ಕೊಬ್ಬು ಕೊಟ್ಟಿದ್ದಾರೆಂದು ಅವನ ತಲೆಯಲ್ಲಿ ಕೂತುಬಿಟ್ಟಿತ್ತು. ಕಡೆಗೆ ನಾನು, ಒತ್ತಡ ಕಡಿಮೆ ಇಟ್ಟರೆ ಇವತ್ತೇ ತೆಳ್ಳಗೆ ಬರುತ್ತದೆ ಎಂದೆ. ಪೈಪು ಕೆಳಗಿಳಿಯಿತು.

ಅಣ್ಣನನ್ನು ಎಬ್ಬಿಸಿ ಯಂತ್ರದ ಮುಂದೆ ನಿಲ್ಲಿಸಿದೆ. ಬಿಲ್ಲೆಗಳನ್ನು ಪುಡಿ ಮಾಡಿ ತುಂಬಿದೆವು. ಪಂಪು ಶುರುವಾಯಿತು. ಕಾಲು ಊರಲಾಗದೆ ಅವರು ಕವಾಟದ ಚಕ್ರಕ್ಕೆ ಜೋತುಬಿದ್ದಂತೆ ನಿಂತಿದ್ದರು. ತುಟಿ ಅಲ್ಲಾಡಿಸದೆ ನನಗೆ ಕೇಳುವಷ್ಟೇ, “ಷಟರಿನ ಕೀ ಅವನ ಪ್ಯಾಂಟಿನಲ್ಲಿ ಉಂಟು” ಎಂದರು. ನನಗೆ ಚಾಕು ಮಾತ್ರ ಕಾಣುತ್ತಿತ್ತು.

ಹುಡುಗ ಮತ್ತೆ ಮತ್ತೆ ಕೇಳುತ್ತಿದ್ದ: ಖಲಾಸ್? ಅಣ್ಣ ತಲೆಯಾಡಿಸುತ್ತಿದ್ದರು: ಲಾ, ಇನ್ನೂ ಇಲ್ಲ. ಬಟ್ಟಲಿನ ಗಾಜಿನ ಕಿಂಡಿಯಲ್ಲಿ ಕಂದು ಎಣ್ಣೆ ಎಳೆಯೆಳೆಯಾಗಿ ಇಳಿಯುವುದು ಕಾಣತೊಡಗಿತು. ಅದನ್ನು ಕಂಡು ಅವನಿಗೆ ತಡೆಯಲಾಗಲಿಲ್ಲ. ತೆಗೆ, ನೋಡುತ್ತೇನೆ ಎಂದ. ಗಾಳಿ ಬಿಡಬೇಕು, ಅರ್ಧ ಗಂಟೆ ಎಂದು ಅಣ್ಣ ಅರಬ್ಬಿಯಲ್ಲಿ ಹೇಳಿದರು. ಮತ್ತೆ ಮೋಸ ಎಂದು ಅವನು ಕಿರುಚಿದ. ಪೈಪು ಅವರ ಬೆನ್ನಿಗೆ ಬಿತ್ತು, ಭುಜಕ್ಕೆ ಬಿತ್ತು. ಅವರು ನೆಲಕ್ಕೆ ಕುಸಿದು ಎರಡೂ ತೋಳುಗಳನ್ನು ತಲೆಯ ಮೇಲೆ ಮುಚ್ಚಿಕೊಂಡರು. ತೋಳಿನ ಮೂಳೆ ಮುರಿದ ಸದ್ದು ನನಗೆ ಕೇಳಿಸಿತು, ಒಣ ಕಟ್ಟಿಗೆಯ ಸದ್ದು. ಆಗ ಆ ತೋಳುಗಳ ಒಳಗಿಂದ ಅವರು ಕೂಗಿದರು:

“ಖಲಾಸ್.”

ಹುಡುಗ ನಿಂತ. ಪೈಪು ಬಿಸಾಡಿದ. ಚಳಿಗಾಲವಿಡೀ ಕಲಿತದ್ದು ಅವನ ಕೈಗೆ ಬಂದುಬಿಟ್ಟಿತ್ತು: ಸ್ಪ್ಯಾನರ್ ತೆಗೆದುಕೊಂಡು ಬಟ್ಟಲಿನ ಮುಚ್ಚಳಕ್ಕೆ ಹಾಕಿ, ಅದರ ಮೇಲೆ ಬಗ್ಗಿದ. ನಾನು ಬೇಡ ಎಂದೆ. ಕನ್ನಡದಲ್ಲಿ ಅಂದೆ. ಬಾಯಿಗೆ ಬಂದದ್ದು ಅದೇ.

ಸಿಡಿದ ಸದ್ದು ನನಗೆ ನೆನಪಿಲ್ಲ. ಮುಚ್ಚಳ ಅವನ ದವಡೆಗೆ ಬಡಿದು ಮುಖದ ಅರ್ಧವನ್ನು ಒಯ್ದದ್ದು ನೆನಪಿದೆ. ಷೆಡ್ಡು ಪೂರ್ತಿ ಬಿಳಿ ಮಂಜಾಯಿತು, ನನ್ನ ಹುಬ್ಬಿನ ಮೇಲೆ ಹಿಮ ಕೂತಿತು. ಮಂಜಿನೊಳಗೆ ಅವನು ನೀರು ಗುಟುಕರಿಸುವವನಂತೆ ಸದ್ದು ಮಾಡುತ್ತಿದ್ದ. ಆ ಗಾಳಿ ಉಸಿರುಗಟ್ಟಿಸುವಂಥದ್ದೆಂದು ಓದಿದ್ದ ನಾನು ಅವನ ಜೇಬಿನಿಂದ ಕೀಲಿ ತೆಗೆದು ಷಟರ್ ಎತ್ತಿದೆ. ಅಣ್ಣನನ್ನು ಕಂಕುಳಿಗೆ ಕೈಕೊಟ್ಟು ಹೊರಗೆಳೆದೆ, ಆಮೇಲೆ ಹುಡುಗನನ್ನೂ ಎಳೆದೆ. ಅಂಬುಲೆನ್ಸ್ ಬರುವಷ್ಟರಲ್ಲಿ ಗುಟುಕರಿಸುವುದು ನಿಂತಿತ್ತು. ಅವನ ಎದೆಯ ಮೇಲೆಲ್ಲ ಎಣ್ಣೆ ಚೆಲ್ಲಿತ್ತು. ಜೇನಿನ ಬಣ್ಣ, ತೆಳ್ಳಗೆ ಹರಿಯುತ್ತಿತ್ತು, ಎಲ್ಲೂ ಗಟ್ಟಿಯಿಲ್ಲ.

ತನಿಖೆಯ ಅಧಿಕಾರಿ ಗೋಡೆಯ ಬರಹದ ಫೋಟೋ ಮುಂದಿಟ್ಟ. ಈ ಷೆಡ್ಡಿನಲ್ಲಿ ಖಲಾಸ್ ಅಂದರೆ ಮುಚ್ಚಳ ತೆಗೆ ಎಂದಲ್ಲವೇ, ಹಾಗಾದರೆ ನಿನ್ನ ಜೊತೆಗಾರ ಗೊತ್ತಿದ್ದೇ ಹಾಗೆ ಕೂಗಿ ಕೊಂದನೇ ಎಂದು ಕೇಳಿದ. ಅರಬ್ಬಿ ಮಾತಿನ ಅರ್ಥವನ್ನು ಅರಬ್ಬನೊಬ್ಬ ನನ್ನನ್ನು ಕೇಳುತ್ತಿದ್ದ. ನನ್ನ ಉತ್ತರದ ಮೇಲೆ ಅಣ್ಣನ ಕುತ್ತಿಗೆ ನಿಂತಿತ್ತು. ಇಲ್ಲಿಯೂ ಉತ್ತರ ನನ್ನದು, ಏಟು ಅವರಿಗೆ. ಕಂಡದ್ದನ್ನೇ ಹೇಳಿದೆ: ತಲೆಯ ಮೇಲೆ ತೋಳು ಮುಚ್ಚಿಕೊಂಡವನಿಗೆ ಮಾಪಕ ಕಾಣುವುದಿಲ್ಲ. ಹೊಡೆಯಬೇಡ ಎಂದು ಬೇಡಿಕೊಂಡ, ಅಷ್ಟೇ. ಅದನ್ನೇ ಬೇರೆ ಬೇರೆ ಕೋಣೆಗಳಲ್ಲಿ, ಬೇರೆ ಬೇರೆ ಮುಖಗಳೆದುರು ಹೇಳಿದೆ.

ಕೊಲೆಯ ಆರೋಪ ಬಿದ್ದುಹೋಯಿತು. ಎಣ್ಣೆಯ ವಿಷಯದಲ್ಲಿ, ಬಲವಂತ ಎಂಬುದಕ್ಕೆ ಅವರ ಮುರಿದ ಮೂಳೆಗಳೇ ಸಾಕ್ಷಿಯಾದವು. ಆದರೂ ಬಿಡುಗಡೆಯಾಗಲು ಬಹಳ ಕಾಲ ಹಿಡಿಯಿತು, ಬಿಟ್ಟದ್ದೂ ನೇರ ವಿಮಾನ ಹತ್ತಿಸಲಿಕ್ಕೆ. ಅಷ್ಟರಲ್ಲಿ ನಾನು ಜಹ್ರಾದ ಒಂದು ಕ್ಲಿನಿಕ್ಕಿನ ಲ್ಯಾಬಿಗೆ ಸೇರಿದ್ದೆ. ಸೋಡಾ ಬಾಟಲಿ ತೆಗೆಯುವ ಸದ್ದಿಗೆ ನನ್ನ ಕೈ ಈಗಲೂ ಮುಖ ಮುಚ್ಚಿಕೊಳ್ಳುತ್ತದೆ. ಆ ಕೂಗು ಕಿವಿಯಲ್ಲಿ ಒಮ್ಮೆ ನರಳಿದಂತೆ ಕೇಳುತ್ತದೆ, ಇನ್ನೊಮ್ಮೆ ಮಾಪಕದ ಮುಂದೆ ನಿಂತು ಕೂಗುತ್ತಿದ್ದ ಅದೇ ರಾಗ, ಅದೇ ಎಳೆತ.

ಊರಿಗೆ ಕಳಿಸುವ ಮುಂಚೆ ಜಾಲರಿಯ ಆಚೆ ಅವರನ್ನು ನೋಡಲು ಬಿಟ್ಟರು. ಎಡ ತೋಳು ಡೊಂಕಾಗಿ ಕೂಡಿಕೊಂಡಿತ್ತು. ಊಟ ಹೇಗಿದೆ ಎಂದು ಕೇಳಿದೆ. ಝುಣಕ ಒಂದು ಬಿಟ್ಟು ಎಲ್ಲ ಕೊಡ್ತಾರೆ ಎಂದರು. ಸ್ವಲ್ಪ ನಕ್ಕೆವು. ಆಮೇಲೆ ಅವರು ಪಹರೆಯವನ ಕಡೆ ನೋಡಿ, ಅವನಿಗೆ ಕನ್ನಡ ಬಾರದು ಎಂಬುದು ನೆನಪಾದವರಂತೆ ಮುಖವನ್ನು ಜಾಲರಿಗೆ ತಂದರು.

“ನೀನು ಅಲ್ಲೇ ಇದ್ದೆಯಲ್ಲ ಮಾರಾಯ. ನಾನು ಯಾವ ಖಲಾಸ್ ಹೇಳಿದ್ದು?”

ಅವರ ಕಣ್ಣು ನನ್ನ ಬಾಯಿಯನ್ನೇ ನೋಡುತ್ತಿತ್ತು, ಕಿಂಡಿಯಲ್ಲಿ ಎಣ್ಣೆ ಇಳಿಯುವುದನ್ನು ನೋಡುತ್ತಿದ್ದ ಹಾಗೆ.

“ಸಾಕು ಅಂದ್ರಿ, ಅಣ್ಣಾರ,” ಎಂದೆ. “ಬರೇ ಸಾಕು ಅಂದ್ರಿ.”

ಅವರು ಬಹಳ ಹೊತ್ತು ತಲೆಯಾಡಿಸುತ್ತಲೇ ಇದ್ದರು. ಪಹರೆಯವನು ಬಂದು ಜಾಲರಿಯನ್ನು ಬೆರಳಿನಿಂದ ತಟ್ಟಿ, ಹೊತ್ತು ಮುಗಿಯಿತೆಂದು ಇಬ್ಬರಿಗೂ ಕೇಳುವಂತೆ ಆ ಮಾತೇ ಹೇಳಿದ. ನಾವಿಬ್ಬರೂ ಒಟ್ಟಿಗೇ ತಲೆ ತಗ್ಗಿಸಿದೆವು.